ಹಳೆಯ ಬಾಗಿಲಿನಿಂದ ಮಂಚಕ್ಕೊಂದು ತಲೆಹಲಗೆ



ನಿಮ್ಮ ಮನೆಯಲ್ಲಿ ಮಂಚದ ತಲೆಯ ಕಡೆ ಇರುವ ಗೋಡೆಯನ್ನು ಒಮ್ಮೆ ನೋಡಿ. ಸುಣ್ಣ ಬಳಿದ ಗೋಡೆಯಾದರೆ, ಒರಗಿ ಕುಳಿತವರ ತಲೆ ತಾಗುವ ಎತ್ತರದಲ್ಲಿ ಒಂದು ದುಂಡನೆಯ ಕಲೆ ಇದ್ದೇ ಇರುತ್ತದೆ. ಅದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಕಲೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯಲ್ಲಿ ಅದು ಇನ್ನೂ ಸ್ವಲ್ಪ ದೊಡ್ಡದು. ದೀಪಾವಳಿಗೆ ಅದರ ಮೇಲೆ ಸುಣ್ಣ ಬೀಳುತ್ತದೆ. ಶಿವರಾತ್ರಿಯ ಹೊತ್ತಿಗೆ ಅದು ಮತ್ತೆ ಮೂಡುತ್ತದೆ.

ಈ ಕಲೆಗೆ ಮದ್ದೆಂದರೆ ಮಂಚದ ತಲೆಯ ಕಡೆ ನಿಲ್ಲಿಸುವ ಹಲಗೆ. ಪೀಠೋಪಕರಣದ ಅಂಗಡಿಯವರು ಇದನ್ನು ಹೆಡ್‌ಬೋರ್ಡ್ ಎನ್ನುತ್ತಾರೆ. ನಾವು ತಲೆಹಲಗೆ ಎಂದು ಕರೆಯೋಣ. ಒರಗಲು ಆಸರೆ, ದಿಂಬು ಹಿಂದಕ್ಕೆ ಜಾರದಂತೆ ತಡೆ, ಗೋಡೆಗೆ ರಕ್ಷಣೆ, ಹೀಗೆ ಇದರ ಉಪಯೋಗ ಮೂರು. ಇದನ್ನು ಹೊಸ ಮರದಿಂದ ಮಾಡಿಸಬೇಕಾಗಿಲ್ಲ. ಒಂದು ಹಳೆಯ ಬಾಗಿಲು ಸಿಕ್ಕರೆ ಸಾಕು. ಆ ಕೆಲಸವನ್ನು ಹೇಗೆ ಮಾಡಬೇಕು, ಎಲ್ಲಿ ಎಚ್ಚರ ತಪ್ಪಬಾರದು ಎಂಬುದೇ ಈ ದಿನದ ವಿಷಯ. ನಾನು ಬಡಗಿಯಲ್ಲ, ವಿಜ್ಞಾನ ಹೇಳುವ ಮೇಷ್ಟ್ರು. ಹಾಗಾಗಿ ನಾನು ಮಾಡಿದ ತಪ್ಪುಗಳನ್ನೂ ಸೇರಿಸಿಯೇ ಹೇಳುತ್ತೇನೆ. ಅವುಗಳಿಂದ ನಿಮ್ಮ ಮರ ಉಳಿಯಲಿ.

ಬಾಗಿಲು ಸಿಕ್ಕಿದ್ದು ಹೇಗೆ

ಮಲೆನಾಡಿನಲ್ಲಿದ್ದ ನಮ್ಮ ಅಜ್ಜನ ಮನೆಯನ್ನು ಕೆಲವು ವರ್ಷಗಳ ಹಿಂದೆ ಕೆಡವಿದರು. ಹಂಚು, ತೊಲೆ, ಕಂಬಗಳಿಗೆ ಗಿರಾಕಿಗಳು ಬಂದರು. ಒಳಕೋಣೆಯ ಜೋಡಿ ಕದದ ಬಾಗಿಲನ್ನು ಮಾತ್ರ ಯಾರೂ ಕೇಳಲಿಲ್ಲ. ಅದಕ್ಕೆ ಕೆತ್ತನೆಯಿರಲಿಲ್ಲ, ಎತ್ತರವೂ ಕಡಿಮೆ. ನಾನು ಹೋದಾಗ ಎರಡು ಕದಗಳೂ ಬಚ್ಚಲುಮನೆಯ ಪಕ್ಕದಲ್ಲಿ ಸೌದೆಯ ರಾಶಿಗೆ ಒರಗಿ ನಿಂತಿದ್ದವು. "ಹಂಡೆಯ ಒಲೆಗೆ ಒಂದು ವಾರಕ್ಕಾಯ್ತು" ಎಂದರು ಚಿಕ್ಕಪ್ಪ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿಯೊಂದು ಕದ 6 ಅಡಿ ಎತ್ತರ, ಒಂದೂವರೆ ಅಡಿ ಅಗಲ, ಸರಾಸರಿ ಒಂದೂಕಾಲು ಅಂಗುಲ ದಪ್ಪ. ತೇಗದ ಸಾಂದ್ರತೆ ಘನ ಮೀಟರಿಗೆ ಸುಮಾರು 650 ಕಿಲೋಗ್ರಾಂ ಎಂದಿಟ್ಟುಕೊಂಡರೆ ಒಂದು ಕದದ ತೂಕ ಸುಮಾರು 17 ಕಿಲೋ, ಎರಡಕ್ಕೆ 34 ಕಿಲೋ. ನೀರಿನ ಅಂಶ ಕಳೆದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಎಂದರೆ ಈ ಎರಡು ಕದಗಳಲ್ಲಿ ಸುಮಾರು 15 ಕಿಲೋ ಇಂಗಾಲವಿದೆ. ಸುಟ್ಟರೆ 50 ಕಿಲೋಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಮರವಾಗಿ ಉಳಿದಷ್ಟು ಕಾಲ ಆ ಇಂಗಾಲ ಅಲ್ಲೇ ಇರುತ್ತದೆ. ಹಳೆಯ ಮರವನ್ನು ಮತ್ತೆ ಬಳಸುವುದು ಜಿಪುಣತನವಲ್ಲ ಎನ್ನಲು ಇಷ್ಟು ಸಾಕು.

ನಿಮ್ಮ ಮನೆಯಲ್ಲಿ ಹಳೆಯ ಬಾಗಿಲು ಇಲ್ಲದಿದ್ದರೆ, ಕೆಡವಿದ ಮನೆಗಳ ಮರ ಮಾರುವ ಅಂಗಡಿಗಳು ದೊಡ್ಡ ಊರುಗಳಲ್ಲಿ ಇರುತ್ತವೆ. ಕೊಳ್ಳುವ ಮೊದಲು ಕದವನ್ನು ಓದಲು ಕಲಿಯಿರಿ.

ಕದವನ್ನು ಓದುವುದು

ಬಾಗಿಲು ಎಂದರೆ ಇಡೀ ವ್ಯವಸ್ಥೆ: ಚೌಕಟ್ಟು, ಹೊಸ್ತಿಲು, ಕದ, ಅಗುಳಿ ಎಲ್ಲವೂ. ನಮಗೆ ಬೇಕಾದದ್ದು ಕದ. ನಮ್ಮ ಕಡೆ ಸಿಗುವ ಕದಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಉದ್ದ ಹಲಗೆಗಳನ್ನು ಒತ್ತಾಗಿ ನಿಲ್ಲಿಸಿ ಹಿಂದೆ ಅಡ್ಡಪಟ್ಟಿಗಳನ್ನು ಹೊಡೆದದ್ದು. ಎರಡನೆಯದು, ಎಡಬಲಕ್ಕೆ ಎರಡು ನಿಲುವುಪಟ್ಟಿ, ಮೇಲೆ, ನಡುವೆ, ಕೆಳಗೆ ಅಡ್ಡಪಟ್ಟಿಗಳು, ಅವುಗಳ ನಡುವೆ ತೆಳುವಾದ ಒಳಹಲಗೆ ಕೂರಿಸಿದ್ದು. ಮೂರನೆಯದು ಈಚಿನ, ಎರಡೂ ಬದಿಗೆ ಪ್ಲೈವುಡ್ ಅಂಟಿಸಿದ ನುಣುಪು ಕದ. ತಲೆಹಲಗೆಗೆ ಮೊದಲ ಎರಡು ಬಗೆ ಒಳ್ಳೆಯದು. ಮೂರನೆಯದನ್ನು ಕತ್ತರಿಸಿದರೆ ಒಳಗಿನ ತುಂಡು ಮರ ಹೊರಗೆ ಕಾಣುತ್ತದೆ. ಅಂಚಿಗೆ ತೇವ ತಾಗಿದರೆ ಉಬ್ಬುತ್ತದೆ.

ನಮ್ಮದು ಎರಡನೆಯ ಬಗೆ. ಅದಕ್ಕೆ ಕಬ್ಬಿಣದ ಕೀಲುಗಳೇ ಇರಲಿಲ್ಲ. ಒಂದು ಬದಿಯ ನಿಲುವುಪಟ್ಟಿಯ ಮೇಲೂ ಕೆಳಗೂ ಮರದ ಗೂಟ ಚಾಚಿಕೊಂಡಿತ್ತು. ಚೌಕಟ್ಟಿನಲ್ಲೂ ಹೊಸ್ತಿಲಲ್ಲೂ ಇದ್ದ ಕುಳಿಗಳಲ್ಲಿ ಆ ಗೂಟಗಳು ಕೂತು ಕದ ತಿರುಗುತ್ತಿತ್ತು. ಇಂಥ ಗೂಟ ಕಂಡರೆ ಅದು ಹಳೆಯ ಪದ್ಧತಿಯ ಕೆಲಸವೆಂದು ತಿಳಿಯಿರಿ.

ಮರ ಯಾವುದೆಂದು ನೋಡಲು ಕಾಣದ ಅಂಚಿನಲ್ಲಿ ಉಳಿಯಿಂದ ಸ್ವಲ್ಪ ಕೆರೆಯಿರಿ. ತೇಗವಾದರೆ ಎಣ್ಣೆ ಸವರಿದ ಹಾಗೆ ನುಣುಪು, ಹದ ಮಾಡಿದ ಚರ್ಮದಂಥ ವಾಸನೆ. ಹಲಸು ಕೆರೆದಾಗ ಹಳದಿ. ಗಾಳಿ ಬೆಳಕು ತಾಗಿ ವರ್ಷಗಳಾದಂತೆ ಕಂದು. ಹೊನ್ನೆಯ ಚೂರನ್ನು ಒಂದು ಲೋಟ ನೀರಿನಲ್ಲಿ ನೆನೆಹಾಕಿ ಬಿಸಿಲಿಗೆ ಹಿಡಿದರೆ ನೀರಿನಲ್ಲಿ ನೀಲಿ ಮಿನುಗು ಕಾಣುತ್ತದೆ. ಇದನ್ನು ನಿಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಮಾಡಿ ನೋಡಬಹುದು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರಗಳ ಗುಣಗಳನ್ನೇ ಅಧ್ಯಯನ ಮಾಡುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮರವನ್ನು ಗುರುತಿಸುವುದು ಒಂದು ಶಾಸ್ತ್ರವೇ ಎಂಬುದು ಅಲ್ಲಿಗೆ ಹೋದರೆ ತಿಳಿಯುತ್ತದೆ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದೇಕೆ

ಆಷಾಢದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಭುಜ ಕೊಟ್ಟು ನೂಕಬೇಕು. ಅದೇ ಬಾಗಿಲು ಚೈತ್ರದಲ್ಲಿ ಗಾಳಿಗೆ ತಾನೇ ತೆರೆದುಕೊಳ್ಳುತ್ತದೆ. ಇದು ನಿಮಗೆಲ್ಲ ಗೊತ್ತಿರುವ ವಿಷಯ. ಈ ದಿನದ ಕೆಲಸಕ್ಕೆಲ್ಲ ಇದೇ ಬೀಗದ ಕೈ.

ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯಿಂದ ತೇವವನ್ನು ಹೀರುತ್ತದೆ, ಮತ್ತೆ ಬಿಡುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65 ಇದ್ದರೆ ಮರದೊಳಗಿನ ನೀರು ಅದರ ಒಣ ತೂಕದ ಶೇಕಡಾ 12ರ ಆಸುಪಾಸಿನಲ್ಲಿರುತ್ತದೆ. ತೇವಾಂಶ 90ಕ್ಕೆ ಏರಿದರೆ ಈ ನೀರು ಶೇಕಡಾ 20ರ ಹತ್ತಿರ ಹೋಗುತ್ತದೆ. ನೀರು ಹೆಚ್ಚಾದಂತೆ ಮರ ಹಿಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಹಸಿ ತೇಗ ಪೂರ್ತಿ ಒಣಗುವಾಗ ವಾರ್ಷಿಕ ಉಂಗುರದ ಗುಂಟ ಸುಮಾರು ಶೇಕಡಾ 5.8ರಷ್ಟು ಕುಗ್ಗುತ್ತದೆ, ಉಂಗುರಕ್ಕೆ ಅಡ್ಡಲಾಗಿ 2.5ರಷ್ಟು. ಉದ್ದಕ್ಕೆ ಆಗುವ ಕುಗ್ಗುವಿಕೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ನಿಮ್ಮ ಕದದ ಒಳಹಲಗೆ 28 ಸೆಂಟಿಮೀಟರ್ ಅಗಲವಿದೆ ಎನ್ನೋಣ. ಮಳೆಗಾಲಕ್ಕೂ ಬೇಸಿಗೆಗೂ ಮರದ ನೀರಿನಲ್ಲಿ ಶೇಕಡಾ 6ರ ವ್ಯತ್ಯಾಸವಾದರೆ, ಆ ಹಲಗೆ ಅಗಲದಲ್ಲಿ 3 ಮಿಲಿಮೀಟರ್‌ವರೆಗೆ ಹಿಗ್ಗಿ ಕುಗ್ಗಬಲ್ಲದು. ಮೂರು ಮಿಲಿಮೀಟರ್ ಎಂದರೆ ಏನು ಮಹಾ ಎನ್ನಬೇಡಿ. ಆ ಒತ್ತಡವನ್ನು ತಡೆದು ನಿಲ್ಲಿಸಲು ಹೊರಟರೆ ಮರ ಸೀಳುತ್ತದೆ.

ಹಿಂದಿನ ಬಡಗಿಗಳು ಇದನ್ನು ತಡೆಯಲು ಹೋಗಲಿಲ್ಲ, ಜಾಗ ಕೊಟ್ಟರು. ನಿಲುವುಪಟ್ಟಿ ಅಡ್ಡಪಟ್ಟಿಗಳ ಒಳ ಅಂಚಿನಲ್ಲಿ ಸಣ್ಣ ಕಾಲುವೆಯನ್ನು ತೋಡಿ, ಒಳಹಲಗೆಯ ಅಂಚನ್ನು ಅದರೊಳಗೆ ಸಡಿಲವಾಗಿ ಕೂರಿಸಿದರು. ಹಲಗೆಗೆ ಅಂಟಿಲ್ಲ, ಮೊಳೆಯಿಲ್ಲ. ಅದು ಕಾಲುವೆಯೊಳಗೆ ತನ್ನಷ್ಟಕ್ಕೆ ಹಿಗ್ಗಲಿ, ಕುಗ್ಗಲಿ. ಪಟ್ಟಿಗಳನ್ನು ಮಾತ್ರ ಭದ್ರವಾಗಿ ಸೇರಿಸಿದರು: ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೊರೆದು, ನಿಲುವುಪಟ್ಟಿಯ ತೂತಿನೊಳಗೆ ತೂರಿಸಿ, ಅಡ್ಡಲಾಗಿ ಬಿದಿರಿನ ಅಥವಾ ಮರದ ಮೊಳೆ ಹೊಡೆದರು. ಕದದ ಬಲವೆಲ್ಲ ಈ ಮೂಲೆಗಳಲ್ಲಿದೆ. ಕಲಿಯಬೇಕಾದ ಪಾಠ ಇಷ್ಟೇ: ಮೂಲೆಗಳನ್ನು ಮುರಿಯಬೇಡಿ, ಒಳಹಲಗೆಯನ್ನು ಕಟ್ಟಿಹಾಕಬೇಡಿ.

ನಾನು ಎರಡನ್ನೂ ಮಾಡಿದೆ.

ಮೂರಡಿಯ ತಪ್ಪು

ಮಗಳ ಮಂಚದ ಅಗಲ 3 ಅಡಿ. ಒಂದೂವರೆ ಅಡಿಯ ಎರಡು ಕದಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಸರಿಯಾಗಿ 3 ಅಡಿ. ಇದನ್ನು ನೋಡಿ ನನಗೆ ಹಿಗ್ಗೋ ಹಿಗ್ಗು. ಎತ್ತರವೂ 3 ಅಡಿಯಿರಲಿ, ಚೌಕವಾಗಿ ಚೆನ್ನಾಗಿ ಕಾಣುತ್ತದೆ ಎಂದುಕೊಂಡು, ಮೊದಲ ಕದಕ್ಕೆ ಮೇಲಿನಿಂದ ಮೂರಡಿಗೆ ಗೆರೆ ಎಳೆದು ಗರಗಸ ಹಾಕಿಬಿಟ್ಟೆ. ನಡುವಿನ ಅಡ್ಡಪಟ್ಟಿ ಆ ಗೆರೆಯ ಕೆಳಗೇ ಇತ್ತು. ಕತ್ತರಿಸಿ ಎತ್ತಿದಾಗ ಮೇಲಿನ ತುಂಡಿಗೆ ತಲೆಯಿತ್ತು, ಪಾದವಿರಲಿಲ್ಲ. ಎರಡು ನಿಲುವುಪಟ್ಟಿಗಳು ಕವಲುಕೋಲಿನಂತೆ ಅಗಲಿದವು. ಒಳಹಲಗೆ ಸರ್ರನೆ ಜಾರಿ ನೆಲಕ್ಕೆ ಬಿತ್ತು.

ಅದನ್ನು ಮತ್ತೆ ಏರಿಸಿ, ಕೆಳಗೊಂದು ಪಟ್ಟಿ ಕೊಟ್ಟು, ಇನ್ನು ಜಾರದಿರಲಿ ಎಂದು ಒಳಹಲಗೆಯ ಸುತ್ತಲೂ ಮೊಳೆ ಹೊಡೆದೆ. ಆಗ ಆಷಾಢ ಮಾಸ. ಹಲಗೆ ತೇವ ಕುಡಿದು ಹಿಗ್ಗಿತ್ತು. ಎರಡನೆಯ ಕದಕ್ಕೆ ಕೈ ಹಾಕುವ ಧೈರ್ಯವಾಗದೆ, ಮೊದಲನೆಯದನ್ನೇ ಮಂಚದ ಹಿಂದೆ ಒರಗಿಸಿಟ್ಟೆ. ಮುಂದಿನ ಚೈತ್ರದಲ್ಲಿ ಒಂದು ರಾತ್ರಿ ಛಟ್ ಎಂದು ಸದ್ದಾಯಿತು. ಮಗಳು ಹೆದರಿ ಎದ್ದು ಕೂತಳು. ಒಳಹಲಗೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ತೇವಾಂಶದ ಪಾಠವನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದ ನಾನು, ಮನೆಯಲ್ಲಿ ಅದನ್ನು ಮರೆತಿದ್ದೆ.

ಮರುದಿನ ನಮ್ಮ ಬೀದಿಯ ಆಚಾರ್ರನ್ನು ಕರೆದುಕೊಂಡು ಬಂದೆ. ಅವರು ಕದವನ್ನು ನೋಡಿದರು, ಮಂಚವನ್ನು ನೋಡಿದರು. ಆಮೇಲೆ ಹೇಳಿದರು: "ಮೇಷ್ಟ್ರೇ, ಕದದ ಅಳತೆಯನ್ನು ಮಂಚಕ್ಕೆ ಹೇಳಬೇಕಿತ್ತು. ನೀವು ಮಂಚದ ಅಳತೆಯನ್ನು ಕದಕ್ಕೆ ಹೇಳಿದ್ದೀರಿ."

ಅವರು ಮೊಳೆಗಳನ್ನೆಲ್ಲ ಇಕ್ಕಳದಿಂದ ಕಿತ್ತರು. ಕೆಳಗಿನ ತುಂಡಿನಲ್ಲಿ ಉಳಿದಿದ್ದ ನಡು ಅಡ್ಡಪಟ್ಟಿಯನ್ನು, ಅದರ ಎರಡು ಮೂಲೆಗಳ ಸಮೇತ, ಒಂದೇ ತುಂಡಾಗಿ ಕತ್ತರಿಸಿಕೊಂಡರು. ಅದನ್ನು ಮೇಲಿನ ತುಂಡಿನ ಕೆಳಗೆ ಇಟ್ಟು, ನಿಲುವುಪಟ್ಟಿಗಳ ಹಿಂದೆ ಪಟ್ಟಿ ಕೊಟ್ಟು ಸೇರಿಸಿದರು. ಎರಡನೆಯ ಕದವನ್ನು ನಡು ಅಡ್ಡಪಟ್ಟಿಯ ಕೆಳ ಅಂಚಿಗೆ ಸರಿಯಾಗಿ ನಾನೇ ಕತ್ತರಿಸಿದೆ. ಅದು ಅಲುಗಾಡಲಿಲ್ಲ. ಎರಡೂ ಮೂರೂವರೆ ಅಡಿ ಎತ್ತರಕ್ಕೆ ಬಂದವು. ಮೊದಲನೆಯದರ ಮೇಲೆ ಕತ್ತರಿಸಿದ ಗೆರೆಯೂ ಸೀಳೂ ಇಂದಿಗೂ ಕಾಣುತ್ತವೆ.

ಗರಗಸ ಹಿಡಿಯುವ ಮೊದಲು

ಇನ್ನು ನಿಮ್ಮ ಕೆಲಸಕ್ಕೆ ಬರೋಣ. ಗರಗಸಕ್ಕಿಂತ ಮೊದಲು ಆಗಬೇಕಾದ ನಾಲ್ಕು ತಪಾಸಣೆಗಳಿವೆ.

ಒಂದು, ಬಣ್ಣ. ನಾಲ್ಕರಲ್ಲಿ ಇದೇ ಅತಿ ಮುಖ್ಯವಾದದ್ದು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಬಿಳಿಗೆ ಸೀಸದ ಕಾರ್ಬೊನೇಟ್, ಹಳದಿಗೆ ಸೀಸದ ಕ್ರೋಮೇಟ್, ಅಡಿಯ ಲೇಪಕ್ಕೆ ಕೆಂಪು ಸೀಸ ಬಳಸುತ್ತಿದ್ದರು. ಹಳೆಯ ಬಾಗಿಲುಗಳ ಮೇಲೆ ಕಾಣುವ ಹಸಿರನ್ನೂ ಸೀಸದ ಹಳದಿಗೆ ನೀಲಿ ಬೆರೆಸಿ ಮಾಡುವುದಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಬಣ್ಣವಾದರೆ ಸೀಸವಿದೆ ಎಂದೇ ಭಾವಿಸಿ ನಡೆದುಕೊಳ್ಳಿ. ಸೀಸದ ಧೂಳು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೇ ಕುತ್ತು ತರುತ್ತದೆ. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದಂತೆಯೇ ಮರಳುಕಾಗದದಿಂದ ಉಜ್ಜಬೇಡಿ, ಬೆಂಕಿ ಹಿಡಿದು ಕೆರೆಯಬೇಡಿ. ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಹಾಗೆಯೇ ಬಿಟ್ಟು ಮೇಲೊಂದು ಹೊಸ ಲೇಪ ಕೊಡುವುದು ಕ್ಷೇಮ. ಏಳುತ್ತಿದ್ದರೆ, ಹಿರಿಯರೊಬ್ಬರು ಮನೆಯ ಹೊರಗೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮುಖಕ್ಕೆ ಧೂಳು ತಡೆಯುವ ಮುಖಗವಸು ಕಟ್ಟಿ, ನೀರು ಚಿಮುಕಿಸುತ್ತ ಒದ್ದೆಯಾಗಿಯೇ ಕೆರೆಯಬೇಕು. ಪುಟ್ಟ ಮಕ್ಕಳನ್ನು ಹತ್ತಿರ ಬಿಡಬೇಡಿ. ಸಿಪ್ಪೆಯನ್ನು ಹಾಳೆಯೊಡನೆ ಸುತ್ತಿ ಕಟ್ಟಿ. ಬಣ್ಣದ ಮರದ ಚೂರು ಹಂಡೆಯ ಒಲೆಗೆ ಹೋಗಲೇ ಬಾರದು.

ಎರಡು, ಮೊಳೆ. ಕೆಟ್ಟುಹೋದ ಧ್ವನಿವರ್ಧಕದ ಹಿಂದೆ ದುಂಡನೆಯ ಅಯಸ್ಕಾಂತವಿರುತ್ತದೆ. ಅದನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನವಾಗಿ ಆಡಿಸಿ. ಎಲ್ಲಿ ಎಳೆಯುತ್ತದೋ ಅಲ್ಲಿ ಕಬ್ಬಿಣವಿದೆ. ಸೀಮೆಸುಣ್ಣದಿಂದ ಗುರುತು ಮಾಡಿ. ಒಳಗಿನ ಮೊಳೆಗೆ ಸಿಕ್ಕಿದ ಗರಗಸದ ಹಲ್ಲು ಸಿಡಿದು ಕಣ್ಣಿಗೆ ಬರಬಹುದು.

ಮೂರು, ಹುಳ. ಕದವನ್ನು ಒಂದು ರಾತ್ರಿ ಹಳೆಯ ಪತ್ರಿಕೆಯ ಮೇಲೆ ಮಲಗಿಸಿ, ಮೇಲಿನಿಂದ ಕೈಯಿಂದ ತಟ್ಟಿ. ಬೆಳಿಗ್ಗೆ ಕಾಗದದ ಮೇಲೆ ಹಿಟ್ಟಿನಂಥ ನುಣುಪು ಪುಡಿ ಬಿದ್ದಿದ್ದರೆ ಮರ ಕೊರೆಯುವ ಹುಳ ಇನ್ನೂ ಜೀವಂತವಾಗಿದೆ. ತೇಗದ ಒಳಗಿನ ಕೆಚ್ಚಿಗೆ ಅದು ಸುಲಭವಾಗಿ ಹೋಗುವುದಿಲ್ಲ. ಹೊರಗಿನ ಬಿಳಿಮರಕ್ಕೆ ಹತ್ತುತ್ತದೆ. ಬೆರಳಿನಿಂದ ಒತ್ತಿದರೆ ಕುಸಿಯುವಷ್ಟು ಟೊಳ್ಳಾಗಿದ್ದರೆ ಆ ಕದ ಬೇಡ. ಗೆದ್ದಲಿಗೆಂದು ಕೆಲವರು ವಾಹನದ ಹಳೆಯ ಎಣ್ಣೆ ಬಳಿಯುತ್ತಾರೆ. ಮಲಗುವ ಕೋಣೆಯ ಮರಕ್ಕೆ ಅದು ಸಲ್ಲದು.

ನಾಲ್ಕು, ತಿಗಣೆ. ಹಳೆಯ ಮರದ ಸಂದುಗಳು ಅದಕ್ಕೆ ಅರಮನೆಯಿದ್ದಂತೆ. ಅದನ್ನು ಕೈಯಾರೆ ತಲೆಯ ಪಕ್ಕಕ್ಕೆ ತಂದಿಟ್ಟುಕೊಳ್ಳಬೇಡಿ. ಅಜ್ಜಿಯರು ಮಂಚಕ್ಕೆ ಮಾಡುತ್ತಿದ್ದ ಉಪಾಯವೇ ಸಾಕು: ಸಂದುಗಳಿಗೆಲ್ಲ ಕುದಿಯುವ ನೀರು ಹೊಯ್ದು ನೆರಳಿನಲ್ಲಿ ಒಣಗಿಸುವುದು. ಈ ಕೆಲಸವನ್ನು ದೊಡ್ಡವರು ಮಾಡಲಿ. ಒಣಗಿದ ಮೇಲೆ ಕದವನ್ನು ಎರಡು ಮೂರು ವಾರ ಅದು ಇರಬೇಕಾದ ಕೋಣೆಯಲ್ಲೇ ಇಡಿ. ಮಲೆನಾಡಿನ ಮರ ಬಯಲುಸೀಮೆಯ ಗಾಳಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.

ಕತ್ತರಿಸಬಾರದ ಬಾಗಿಲುಗಳು

ಹಳೆಯ ಬಾಗಿಲುಗಳೆಲ್ಲ ತಲೆಹಲಗೆಯಾಗಬೇಕಾಗಿಲ್ಲ. ಕೆತ್ತನೆಯುಳ್ಳ, ಅಪರೂಪದ ಬಾಗಿಲಿಗೆ ಗರಗಸ ತಾಗಿಸಬೇಡಿ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾನೂನಿನ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಪ್ರಾಚೀನ ವಸ್ತುವೆನಿಸಬಹುದು. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವುತ್ತಿದ್ದ ಮನೆಗಳ ಬಾಗಿಲು, ಕಂಬ, ತೊಲೆಗಳನ್ನು ದಶಕಗಳ ಕಾಲ ಸಂಗ್ರಹಿಸಿದರು. ಬಿಡಿ ಭಾಗಗಳಲ್ಲದೆ ಇಡೀ ಕಟ್ಟಡಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್ ಈಗ ಅಲ್ಲಿನ ಪರಂಪರೆಯ ಗ್ರಾಮದಲ್ಲಿವೆ. ಶೆಣೈ ಅವರು 2017ರಲ್ಲಿ ತೀರಿಕೊಂಡರು. ಹಳೆಯ ಬಾಗಿಲಿನ ಬೆಲೆ ಏನೆಂದು ತಿಳಿಯಬೇಕಾದವರು ಅಲ್ಲಿಗೊಮ್ಮೆ ಹೋಗಿ ಬರಬೇಕು.

ಇನ್ನೊಂದು ಮಾತು. ಹೆಬ್ಬಾಗಿಲಿಗೂ ಹೊಸ್ತಿಲಿಗೂ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಮನೆಗಳು ನಮ್ಮವು. ಹೆಬ್ಬಾಗಿಲಿನ ಕದವನ್ನು ಮಲಗುವ ಕಡೆ ತರುವುದು ಅಜ್ಜಿಗೆ ಒಪ್ಪಿಗೆಯಾಗದಿರಬಹುದು. ಮೊದಲು ಅವರನ್ನು ಕೇಳಿ. ನಮಗೆ ಒಳಕೋಣೆಯ ಕದಗಳೇ ಸಾಕು.

ಜೋಡಿಸುವ ಕ್ರಮ

ಬೇಕಾದ ಸಲಕರಣೆಗಳು: ಗರಗಸ, ಉಳಿ, ಕೊಡತಿ, ಮೂಲೆಮಟ್ಟ, ಅಳತೆಪಟ್ಟಿ, ಬೈರಿಗೆ, ತಿರುಪುಳಿ. ಸಾಮಗ್ರಿ: ಮುಕ್ಕಾಲು ಅಂಗುಲ ದಪ್ಪ, 3 ಅಂಗುಲ ಅಗಲ, ಎರಡು ಮುಕ್ಕಾಲು ಅಡಿ ಉದ್ದದ ಎರಡು ಮರದ ಪಟ್ಟಿ, ಒಂದೂವರೆ ಅಂಗುಲದ ತಿರುಪುಮೊಳೆಗಳು, ಗೋಡೆಗೆ ಬಿಗಿಯಲು ಎರಡು ಕಬ್ಬಿಣದ ಮೂಲೆಪಟ್ಟಿ.

ಮೊದಲು ಎರಡು ಕದಗಳನ್ನೂ ಮುಖ ಕೆಳಗೆ ಮಾಡಿ, ಹಾಸಿದ ಗೋಣಿಯ ಮೇಲೆ ಪಕ್ಕಪಕ್ಕ ಮಲಗಿಸಿ. ಅಡ್ಡಪಟ್ಟಿಯ ಕೆಳ ಅಂಚಿಗೆ ಮೂಲೆಮಟ್ಟ ಹಿಡಿದು ಗೆರೆ ಎಳೆದು ಕತ್ತರಿಸಿ. ನಡುವೆ 3 ಮಿಲಿಮೀಟರ್ ಸಂದು ಬಿಡಿ. ನಡುವೆ ಒಂದು ದಪ್ಪ ರಟ್ಟನ್ನು ಇಟ್ಟು ಜೋಡಿಸಿ, ಆಮೇಲೆ ರಟ್ಟನ್ನು ಎಳೆದುಬಿಟ್ಟರೆ ಸಾಕು. ಒಂದು ಪಟ್ಟಿಯನ್ನು ಮೇಲಿನ ಅಡ್ಡಪಟ್ಟಿಯ ಮೇಲೆ, ಇನ್ನೊಂದನ್ನು ಕೆಳಗಿನ ಅಡ್ಡಪಟ್ಟಿಯ ಮೇಲೆ ಬರುವಂತೆ ಇಡಿ. ತಿರುಪುಮೊಳೆಗಳು ನಿಲುವುಪಟ್ಟಿ, ಅಡ್ಡಪಟ್ಟಿಗಳಿಗೆ ಮಾತ್ರ ಇಳಿಯಬೇಕು; ಒಳಹಲಗೆಗೆ ಒಂದೂ ತಾಗಬಾರದು. ಗಟ್ಟಿ ಹಳೆಯ ಮರಕ್ಕೆ ನೇರವಾಗಿ ತಿರುಪು ಹಾಕಿದರೆ ಅದು ಮುರಿಯುತ್ತದೆ. ಮೊದಲು ಬೈರಿಗೆಯಿಂದ ಸಣ್ಣ ತೂತು ಮಾಡಿ, ತಿರುಪಿನ ಹಲ್ಲಿಗೆ ಸ್ವಲ್ಪ ಸೋಪು ಅಥವಾ ಮೇಣ ಸವರಿ ತಿರುಗಿಸಿ. ಒಂದು ಕದದ ಕಡೆ ಪಟ್ಟಿಯ ತೂತುಗಳನ್ನು ಅಡ್ಡಲಾಗಿ ಸ್ವಲ್ಪ ಉದ್ದ ಮಾಡಿ. ಮರ ಅಲ್ಲಿ ಬೇಕಾದಷ್ಟು ಸರಿಯಲಿ.

ಮಂಚ ಇಬ್ಬರು ಮಲಗುವ 6 ಅಡಿ ಅಗಲದ್ದಾದರೆ ಕತ್ತರಿಸುವ ಕೆಲಸವೇ ಇಲ್ಲ. 6 ಅಡಿಯ ಎರಡೂ ಕದಗಳನ್ನು ಅಡ್ಡ ಮಲಗಿಸಿ ಒಂದರ ಮೇಲೊಂದು ಇಟ್ಟರೆ 6 ಅಡಿ ಅಗಲ, 3 ಅಡಿ ಎತ್ತರದ ತಲೆಹಲಗೆ ಸಿದ್ಧ. ಹಿಂದೆ ಪಟ್ಟಿಗಳನ್ನು ನಿಲುವಾಗಿ ಕೊಡಿ.

ಇನ್ನು ನಿಲ್ಲಿಸುವುದು. ತಲೆಹಲಗೆಯ ಭಾರ ನೆಲದ ಮೇಲೆಯೇ ಇರಲಿ, ಗೋಡೆಗೆ ನೇತುಹಾಕಬೇಡಿ. ನೆಲದ ತೇವ ಏರದಂತೆ ಅಡಿಗೆ ಎರಡು ಕಲ್ಲಿನ ಅಥವಾ ರಬ್ಬರಿನ ತುಂಡು ಕೊಡಿ. ನೆಲದಿಂದ ಮೂರೂವರೆ ಅಡಿ ಎಂದರೆ, ಹಾಸಿಗೆಯ ಮೇಲೆ ಒಂದೂವರೆ ಅಡಿಗಿಂತ ತುಸು ಹೆಚ್ಚು ಒರಗಲು ಸಿಗುತ್ತದೆ. ಆದರೆ ಇಪ್ಪತ್ತು ಕಿಲೋ ಮರ ಮಲಗಿದವರ ತಲೆಯ ಮೇಲೆ ಬೀಳಬಾರದಲ್ಲ! ಮೇಲಿನ ಪಟ್ಟಿಯನ್ನು ಎರಡು ಮೂಲೆಪಟ್ಟಿಗಳಿಂದ ಗೋಡೆಗೆ ಬಿಗಿಯಲೇ ಬೇಕು. ಇಟ್ಟಿಗೆ ಗೋಡೆಯಾದರೆ ತೂತು ಕೊರೆದು ಪ್ಲಾಸ್ಟಿಕ್ ಬಿರಡೆ ಕೂರಿಸಿ ತಿರುಪು ಹಾಕಿ. ಮಣ್ಣಿನ ಗೋಡೆ ತಿರುಪನ್ನು ಹಿಡಿಯುವುದಿಲ್ಲ. ಅಲ್ಲಿ ಮಂಚದ ಕಾಲಿಗೇ ಬೋಲ್ಟು ಹಾಕಿ ಸೇರಿಸಿ. ಬಿಗಿದ ಮೇಲೆ ಎರಡೂ ಕೈಯಿಂದ ಎಳೆದು ನೋಡಿ. ಅಲುಗಿದರೆ ಆ ರಾತ್ರಿ ಅಲ್ಲಿ ಮಲಗಬೇಡಿ.

ಮೆರುಗು

ಬಣ್ಣವಿಲ್ಲದ ಮರವನ್ನು ಮೊದಲು ಒರಟು, ಆಮೇಲೆ ನುಣುಪು ಮರಳುಕಾಗದದಿಂದ, ಮರದ ಎಳೆಯ ಗುಂಟ ಉಜ್ಜಿ. ಮೆರುಗಿಗೆ ಅರಗು ಒಳ್ಳೆಯದು. ಅರಗಿನ ಹುಳ ಸ್ರವಿಸುವ ಈ ಪದಾರ್ಥವೇ ಚನ್ನಪಟ್ಟಣದ ಗೊಂಬೆಗಳಿಗೂ ಹೊಳಪು ಕೊಡುವುದು. ಅಂಗಡಿಯಲ್ಲಿ ಸಿಗುವ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಮೂರು ನಾಲ್ಕು ಸಲ ಸವರಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆ ದೀಪಗಳಿಂದ ದೂರವಿರಿ. ಅರಗಿನ ಲೇಪಕ್ಕೆ ನೀರು ಬಿದ್ದರೆ ಬಿಳಿ ಕಲೆಯಾಗುತ್ತದೆ, ಆದರೆ ತಲೆಯ ಎಣ್ಣೆಯನ್ನು ಅದು ಒಳಗೆ ಬಿಡುವುದಿಲ್ಲ. ನಮಗೆ ಬೇಕಾದದ್ದೂ ಅದೇ. ಅಗಸೆ ಎಣ್ಣೆ ಬಳಸುವವರು ಇನ್ನೊಂದು ಎಚ್ಚರ ವಹಿಸಬೇಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

ಸುಣ್ಣದ ಚುಕ್ಕೆಗಳು

ನಾನು ಮಾಡಿದ ಮೂರನೆಯ ತಪ್ಪನ್ನು ಇನ್ನೂ ಹೇಳಿಲ್ಲ. ಮೊದಲೆರಡನ್ನು ಆಚಾರ್ರು ಸರಿಪಡಿಸಿದರು, ಇದನ್ನು ಸರಿಪಡಿಸಲಾಗಲಿಲ್ಲ.

ಕದಗಳನ್ನು ತಂದ ದಿನ ಅವುಗಳ ಒಳಬದಿಯ ತುಂಬ ಬಿಳಿ ಚುಕ್ಕೆಗಳಿದ್ದವು. ಎಲೆ ಅಡಿಕೆ ಹಾಕಿಕೊಂಡವರು ಬೆರಳಿಗಂಟಿದ ಸುಣ್ಣವನ್ನು ಬಾಗಿಲಿಗೆ ಒರೆಸುವುದು ಉಂಟಲ್ಲ, ಹಾಗೆ ಒರೆಸಿದ್ದೆಂದು ತಿಳಿದು ಮೊದಲ ಕದವನ್ನು ನೀರು ಹಾಕಿ ತಿಕ್ಕಿ ತೊಳೆದುಬಿಟ್ಟೆ. ಸೀಳಿದ ಕದವನ್ನು ಆಚಾರ್ರು ಸರಿಮಾಡುತ್ತಿದ್ದ ದಿನ ನಮ್ಮ ಅತ್ತೆ ಮನೆಗೆ ಬಂದರು. ಅಜ್ಜಿಯ ಮಗಳು ಅವರು. ಇನ್ನೂ ತೊಳೆಯದಿದ್ದ ಎರಡನೆಯ ಕದವನ್ನು ಸವರಿ ನೋಡಿ, ಮೊದಲನೆಯದರ ಕಡೆ ತಿರುಗಿ, "ಇದರಲ್ಲಿದ್ದ ಅಮ್ಮನ ಲೆಕ್ಕ ಎಲ್ಲಿ ಹೋಯ್ತೋ?" ಎಂದು ಕೇಳಿದರು.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅಡಿಕೆ ಸುಲಿಯಲು ಬರುವ ಹೆಂಗಸರು ಎಷ್ಟು ಡಬ್ಬ ಸುಲಿದರು ಎಂಬುದನ್ನು ಆಕೆ ಕದದ ಮೇಲೆ ಸುಣ್ಣದ ಚುಕ್ಕೆಯಾಗಿ ಇಡುತ್ತಿದ್ದರಂತೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಕೂಲಿ ಕೊಡುವ ದಿನ ಆ ಸಾಲಿನ ಮುಂದೆ ಆಕೆಯನ್ನೇ ನಿಲ್ಲಿಸಿ ಎಣಿಸುವುದು. ಲೆಕ್ಕದಲ್ಲಿ ಎಂದೂ ಜಗಳವಾದದ್ದಿಲ್ಲ ಎಂದರು ಅತ್ತೆ. ಅವರೂ ಅಜ್ಜಿಯ ಜೊತೆ ನಿಂತು ಎಣಿಸಿದವರೇ. ಮೊದಲ ಕದದ ಮೇಲೆ ಯಾರ ಯಾರ ಸಾಲುಗಳಿದ್ದವೋ ಅವರಿಗೂ ಇನ್ನು ನೆನಪಿರಲಿಲ್ಲ. ನಾನು ಅದನ್ನು ತೊಳೆದು ಹಾಕಿದ್ದೆ.

ಎರಡನೆಯ ಕದದ ಚುಕ್ಕೆಗಳ ಮೇಲೆ, ಅವು ಅಳಿಸದಂತೆ, ಅರಗನ್ನು ಕುಂಚದಿಂದ ಹಗುರವಾಗಿ ಹಚ್ಚಿದೆ. ಆ ಬದಿಯನ್ನೇ ಮಂಚದ ಕಡೆ ತಿರುಗಿಸಿ ನಿಲ್ಲಿಸಿದ್ದೇನೆ. ಆದ್ದರಿಂದ ಈಗ ನಮ್ಮ ತಲೆಹಲಗೆಯ ಒಂದು ಕದ ಶುಭ್ರವಾಗಿದೆ, ಸೀಳಿದೆ. ಇನ್ನೊಂದರ ಮೇಲೆ ಹನ್ನೊಂದು ಸಾಲು ಚುಕ್ಕೆಗಳಿವೆ.

ಮಿತ್ರರೇ, ಹಳೆಯ ಬಾಗಿಲು ನಿಮ್ಮ ಕೈಗೆ ಬಂದರೆ ಗರಗಸಕ್ಕಿಂತ, ನೀರಿಗಿಂತ ಮೊದಲು ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಕದದ ಎರಡೂ ಬದಿಯ ಚಿತ್ರ ಬರೆಯಿರಿ. ಅಳತೆ, ಪಟ್ಟಿಗಳು, ಮೊಳೆ, ಗುರುತು, ಗೀಚು ಎಲ್ಲವನ್ನೂ ಅದರಲ್ಲಿ ತೋರಿಸಿ. ಆ ಚಿತ್ರವನ್ನು ಮನೆಯ ಹಿರಿಯರ ಮುಂದಿಟ್ಟು ಒಂದೊಂದನ್ನೂ ಕೇಳಿ ಬರೆದುಕೊಳ್ಳಿ. ಎಲ್ಲಿ ಕತ್ತರಿಸಬಾರದು ಎಂಬುದನ್ನು ಮರ ಹೇಳುತ್ತದೆ. ಏನನ್ನು ಅಳಿಸಬಾರದು ಎಂಬುದನ್ನು ಅವರು ಹೇಳುತ್ತಾರೆ. ಆಮೇಲೆ ಕೆಲಸ ಶುರುಮಾಡಿ.